ಗೋಡೆಯ ಮೇಲಿನ ಮಾವ

ಅಳಿಯ ಅಲ್ಲ, ಮಗಳ ಗಂಡ ಎಂಬ ಗಾದೆಯನ್ನು ಜನ ಎರಡೂ ಒಂದೇ ಎಂಬ ಅರ್ಥದಲ್ಲಿ ಹೇಳುತ್ತಾರೆ. ಗಾದೆ ಕಟ್ಟಿದವರಿಗೆ ದುಂಡಕ್ಷರನ ಮಾವನವರ ಪರಿಚಯ ಇರಲಿಲ್ಲ. ಆ ಹಿರಿಯರಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳನ್ನು ಕಟ್ಟಿಕೊಂಡವನು ಅಳಿಯ. ಚಿಕ್ಕವಳನ್ನು ಕಟ್ಟಿಕೊಂಡ ದುಂಡಕ್ಷರ ಬರೀ ಮಗಳ ಗಂಡ. ಎರಡರ ನಡುವೆ ಎಷ್ಟು ಅಂತರವಿದೆ ಎಂದು ಹನ್ನೊಂದು ವರ್ಷದಿಂದ ಅವನು ಅಳೆದು ನೋಡುತ್ತಲೇ ಇದ್ದ.

ದುಂಡಕ್ಷರ ಎಂಬುದು ಕಚೇರಿಯಲ್ಲಿ ಬಿದ್ದ ಅಡ್ಡಹೆಸರು. ಅವನು ರವಾನೆ ವಿಭಾಗದ ಗುಮಾಸ್ತ. ಲಕೋಟೆಗಳ ಮೇಲೆ ಅವನು ಬರೆದ ವಿಳಾಸ ಮುತ್ತು ಪೋಣಿಸಿದ ಹಾಗಿರುತ್ತಿತ್ತು. ಒಳಗಿನ ಪತ್ರ ಓದದವರೂ ಲಕೋಟೆಯನ್ನು ಎತ್ತಿಟ್ಟುಕೊಳ್ಳುತ್ತಿದ್ದರು ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಆದರೆ ಆ ಕೈ ಲೇಖನಿ ಬಿಟ್ಟು ಬೇರೆ ಏನನ್ನು ಹಿಡಿದರೂ ಮನೆಗೆ ಕೇಡು ತಪ್ಪುತ್ತಿರಲಿಲ್ಲ.

ಮದುವೆಯಾದ ಹೊಸತರಲ್ಲಿ ಮಾವನ ಮನೆಯ ನಡುಮನೆಯಲ್ಲಿ ಮದುವೆಯ ಫೋಟೊ ತೂಗುಹಾಕಲು ಒಂದು ಮೊಳೆ ಹೊಡೆದಿದ್ದ. ಗೋಡೆಯೊಳಗೆ ನೀರಿನ ಪೈಪಿತ್ತು. ಮಾವನವರು ಮೂವತ್ತೈದು ವರ್ಷ ಊರಿಗೆಲ್ಲ ನೀರು ಹಂಚಿದ ಫೋರ್‌ಮನ್. ಯಾವ ಬೀದಿಯಲ್ಲಿ ಯಾವ ಪೈಪು ಸೋರುತ್ತಿದೆ ಎಂದು ಮಲಗಿದಲ್ಲಿಂದಲೇ ಹೇಳಬಲ್ಲ ಮನುಷ್ಯ. ಅಂಥವರ ನಡುಮನೆಯಲ್ಲಿ ಹೊಸ ಅಳಿಯನ ಫೋಟೊ ನೀರಿನಲ್ಲಿ ತೇಲಿತು. ಅಂದಿನಿಂದ ಅವರ ಬಾಯಲ್ಲಿ ಅವನ ಹೆಸರು ಮೊಳೆ.

"ಮೊಳೆ ಹೇಗಿದಾನೆ?" ಎಂದು ಫೋನಿನಲ್ಲಿ ಮಗಳನ್ನು ಕೇಳುತ್ತಿದ್ದರು.

"ಅಪ್ಪಾ, ಅವರು ನಿಮ್ಮ ಅಳಿಯ."

"ಅಳಿಯ ದೊಡ್ಡೋಳ ಮನೇಲಿ ಇದಾನಲ್ಲಮ್ಮ, ಈಗ ತಾನೆ ಮಾತಾಡ್ದೆ."

ಆ ದೊಡ್ಡವಳ ಗಂಡ, ಅಂದರೆ ದುಂಡಕ್ಷರನ ಷಡ್ಡಕ, ನೀರಿನ ಫಿಲ್ಟರ್ ಮಾರುವವನು. ಮಾವನವರ ಜೊತೆ ವಾಲ್ವು, ವಾಷರು, ಗಾಲ್ವನೈಸ್ಡ್ ಪೈಪು ಎಂದು ಗಂಟೆಗಟ್ಟಲೆ ಮಾತಾಡಬಲ್ಲ. ದುಂಡಕ್ಷರನಿಗೆ ಪೈಪಿನ ಬಗ್ಗೆ ಗೊತ್ತಿದ್ದದ್ದು ಒಂದೇ: ಅದು ಗೋಡೆಯೊಳಗೆ ಇರುತ್ತದೆ, ಮೊಳೆ ಹೊಡೆಯಬಾರದು.

ಹೀಗಿರುವಾಗ ಮಾವನವರಿಗೆ ಕಣ್ಣಿನ ಪೊರೆ ತೆಗೆದರು. ಡಾಕ್ಟರಿಗೆ ತೋರಿಸುತ್ತಿರಲು ಒಂದು ತಿಂಗಳು ಹೆಣ್ಣುಮಕ್ಕಳ ಊರಿನಲ್ಲಿ ಇರಬೇಕಾಯಿತು. ಷಡ್ಡಕನ ಮನೆಗೆ ಬಣ್ಣ ಹೊಡೆಯುತ್ತಿದ್ದರು, ಆ ವಾಸನೆ ಕಣ್ಣಿಗೆ ಆಗದು. ಹಾಗಾಗಿ ಬೇರೆ ದಾರಿಯಿಲ್ಲದೆ ಮೊಳೆಯ ಮನೆ. ಸುದ್ದಿ ಕೇಳಿದ ದಿನವೇ ದುಂಡಕ್ಷರ ಪ್ರತಿಜ್ಞೆ ಮಾಡಿದ. ಈ ಒಂದು ತಿಂಗಳೊಳಗೆ ಆ ಬಾಯಿಂದ ಒಂದೇ ಒಂದು ಸಲ 'ಅಳಿಯ' ಎಂದು ಅನ್ನಿಸಿಕೊಳ್ಳಬೇಕು. ಅದಕ್ಕೆ ನೀರಿನ ವಿದ್ಯೆಯಲ್ಲೇ ಗೆಲ್ಲಬೇಕು. ಪೇಟೆಗೆ ಹೋದವನು ಹಳದಿ ಬಣ್ಣದ, ಎರಡು ಚಕ್ರದ, ಉದ್ದ ಮೂತಿಯ ಗನ್ನಿನಿಂದ ನೀರನ್ನು ರಭಸವಾಗಿ ಚಿಮ್ಮಿಸಿ ಕೊಳೆ ಕೀಳುವ ಒಂದು ಪ್ರೆಶರ್ ವಾಷರ್ ಎಳೆದುಕೊಂಡು ಬಂದ.

ಮಾವ ಬರುವ ಬೆಳಿಗ್ಗೆ ಹೆಂಡತಿ ಬಸ್ ನಿಲ್ದಾಣಕ್ಕೆ ಹೊರಟಳು. ಬಾಗಿಲಲ್ಲಿ ನಿಂತು ಹೇಳಿದಳು:

"ರೀ, ನಾನು ಬರೋವರೆಗೂ ಆ ಮೆಷಿನ್ ಮುಟ್ಟಬೇಡಿ. ಅಪ್ಪ ಬಂದ ಮೇಲೆ ಹೇಗೆ ನಡೆಸೋದು ಅಂತ ತೋರಿಸಿಕೊಡ್ತಾರೆ."

ಹೆಂಡತಿ ಅಷ್ಟು ಹೇಳದಿದ್ದರೆ ಅವನು ಮುಟ್ಟುತ್ತಿದ್ದನೋ ಇಲ್ಲವೋ. ತೋರಿಸಿಕೊಡ್ತಾರೆ ಎಂದ ಮೇಲೆ ಮುಟ್ಟದೆ ಇರಲು ಅವನೇನು ಕಲ್ಲೇ?

ಸೂಚನಾ ಪುಸ್ತಕ ಹದಿನಾಲ್ಕು ಭಾಷೆಗಳಲ್ಲಿತ್ತು, ಕನ್ನಡವೊಂದನ್ನು ಬಿಟ್ಟು. ಚಿತ್ರ ನೋಡಿ ಓದಿಕೊಂಡ. ಒಂದು ಚಿತ್ರದಲ್ಲಿ ದೊಡ್ಡ ಕನ್ನಡಕ ಹಾಕಿದ ತಲೆಯಿತ್ತು. ಕಣ್ಣಿಗೆ ರಕ್ಷಣೆ ಬೇಕು ಎಂದು ಅರ್ಥವಾಗಿ ಹೆಂಡತಿಯ ಸ್ಕೂಟರಿನ ಹೆಲ್ಮೆಟ್ಟನ್ನು ತಲೆಗೇರಿಸಿ, ಗಾಜನ್ನು ಕೆಳಗೆ ಎಳೆದುಕೊಂಡ. ಹಿತ್ತಲ ನಲ್ಲಿಯಿಂದ ನೂರು ಅಡಿ ಪೈಪು ಎಳೆದು ಮೆಷಿನ್ನಿಗೆ ಸಿಕ್ಕಿಸಿದ. ನಡುವೆ ಹೆಚ್ಚಾಗಿ ಉಳಿದ ಪೈಪನ್ನು ಸಿಂಬೆ ಸುತ್ತಿ ಗೇಟಿನ ಹೊರಗೆ ಇಟ್ಟ.

ರಸ್ತೆಯ ಕಡೆಯ ಕಾಂಪೌಂಡ್ ಗೋಡೆ ಇಪ್ಪತ್ತೈದು ಅಡಿ ಉದ್ದ. ಕಟ್ಟಿದಾಗ ಬಿಳಿಯಾಗಿತ್ತಂತೆ. ಈಗ ಪಾಚಿ, ಹೊಗೆ, ಧೂಳು ಸೇರಿ ಬಾಣಲೆಯ ತಳದ ಬಣ್ಣಕ್ಕೆ ಬಂದಿತ್ತು. ಒಂದು ಮೂಲೆಯಲ್ಲಿ ಮೊರದಗಲ ಜಾಗ ತೊಳೆಯುವ ಹೊತ್ತಿಗೆ ಕಾಲು ಗಂಟೆ ಹೋಯಿತು. ಈ ಲೆಕ್ಕದಲ್ಲಿ ಗೋಡೆ ಮುಗಿಯುವುದು ನಾಳೆ ಮಧ್ಯಾಹ್ನಕ್ಕೆ, ಮಾವ ಬರುವುದು ಹನ್ನೊಂದಕ್ಕೆ.

ಆಗಲೇ ದುಂಡಕ್ಷರನಿಗೆ ಆ ಯೋಚನೆ ಬಂದದ್ದು. ಸೋಮಾರಿತನಕ್ಕೆ ಕಲೆಯ ಅಂಗಿ ತೊಡಿಸಿದರೆ ಬರುವ ಯೋಚನೆ ಅದು. ಇಡೀ ಗೋಡೆ ಯಾಕೆ ತೊಳೆಯಬೇಕು? ಅಕ್ಷರ ಇರಬೇಕಾದ ಕಡೆ ಮಾತ್ರ ತೊಳೆದರೆ ಸಾಲದೆ? ಕಪ್ಪು ಹಲಗೆ ತಯಾರಿದೆ, ನೀರೇ ಸೀಮೆಸುಣ್ಣ! ಆಳುದ್ದದ ಅಕ್ಷರಗಳಲ್ಲಿ 'ಮಾವನವರಿಗೆ ಸುಸ್ವಾಗತ' ಎಂದು ಬರೆಯುವುದು. ಕಣ್ಣಿಗೆ ಬಟ್ಟೆ ಕಟ್ಟಿದ್ದರೂ ಓದುವ ಹಾಗಿರಬೇಕು. ಓದಿದ ಮೇಲೆ ಮಾವನವರು 'ಭೇಷ್ ಅಳಿಯಾ' ಎನ್ನದೆ ಇನ್ನೇನೆಂದಾರು?

ಸಣ್ಣ ಧಾರೆಯ ನಳಿಕೆ ಹಾಕಿದ. 'ಮಾ' ಬರೆದ. ಇಳಿ, ಸುಳಿ ಎಲ್ಲ ತಿದ್ದಿದ ಹಾಗೆ ಬಂತು. 'ವ' ಬರೆದ. ಒದ್ದೆ ಗೋಡೆಯಲ್ಲಿ ತೊಳೆದದ್ದೂ ತೊಳೆಯದ್ದೂ ಒಂದೇ ಬಣ್ಣ. ಬಿಸಿಲಿಗೆ ಒಣಗಿದ ಮೇಲೆಯೇ ಅಕ್ಷರ ಕಾಣಬೇಕು. ಮೇಲಾಗಿ ಹೆಲ್ಮೆಟ್ಟಿನ ಗಾಜಿನ ಹೊರಗೆ ಕೆಸರು, ಒಳಗೆ ಉಸಿರಿನ ಮಂಜು. ಅವನು ಕಣ್ಣಿನಿಂದ ಬರೆಯುತ್ತಿರಲಿಲ್ಲ, ಅಭ್ಯಾಸದಿಂದ ಬರೆಯುತ್ತಿದ್ದ.

ಆ ಹೊತ್ತಿಗೆ ಪಕ್ಕದ ಮನೆಯ ಕನ್ನಡ ಮೇಷ್ಟ್ರು ವಾಕಿಂಗ್ ಮುಗಿಸಿ ಬಂದರು. ನಿವೃತ್ತರಾಗಿ ಎಂಟು ವರ್ಷವಾದರೂ ಬೀದಿಯ ಬೋರ್ಡುಗಳನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದುವ ಚಪಲ ಹೋಗಿರಲಿಲ್ಲ. ಗೇಟಿನ ಮುಂದೆಲ್ಲ ನೀರು. ಬಿಳಿ ಕ್ಯಾನ್ವಾಸ್ ಶೂ ಕೆಸರಾಗಬಾರದೆಂದು ಒಣಗಿದ ಎತ್ತರದ ಜಾಗ ಹುಡುಕಿ ಅಲ್ಲಿ ನಿಂತರು.

"ಏನ್ರೀ ಇದು, ಗೋಡೆಗೆ ಇಂಜೆಕ್ಷನ್ ಕೊಡ್ತಿದೀರಾ?" ಎಂದು ಕೂಗಿದರು.

"ಮಾವ!" ಎಂದು ಹೆಲ್ಮೆಟ್ಟಿನೊಳಗಿಂದ ಉತ್ತರ ಬಂತು. ಉಳಿದದ್ದು ಮೋಟಾರಿನ ಸದ್ದಿನಲ್ಲಿ ಮುಳುಗಿಹೋಯಿತು.

ಮೇಷ್ಟ್ರು ನೀರನ್ನು ಪೋಲು ಮಾಡಬಾರದು ಎಂಬ ವಿಷಯದ ಮೇಲೆ ಐದು ನಿಮಿಷ ನಿಂತಲ್ಲೇ ಪಾಠ ಮಾಡಿದರು. ಅದೇ ಐದು ನಿಮಿಷ ಮೆಷಿನ್ನಿನ ಸದ್ದು ಗುರ್ ಎನ್ನುವುದನ್ನು ಬಿಟ್ಟು ಗೊರಗೊರ ಎಂದಿತು. ಗನ್ನಿನ ತುದಿಯಲ್ಲಿ ಧಾರೆಯ ಬದಲು ಸೀನು ಬಂದಂತೆ ಹನಿ ಸಿಡಿಯಿತು. ಆದರೆ ನುರಿತ ಕೈ ಶಾಯಿ ಮುಗಿದದ್ದು ತಿಳಿಯುವ ಮೊದಲೇ ಎರಡು ಸಾಲು ಮುಂದೆ ಹೋಗಿರುತ್ತದೆ. ದುಂಡಕ್ಷರ ಒತ್ತು, ದೀರ್ಘ ಯಾವುದನ್ನೂ ಬಿಡದೆ ಗಾಳಿಯಲ್ಲಿ ಬರೆಯುತ್ತ ನಡೆದ. ಮೇಷ್ಟ್ರು ಪಾಠ ಮುಗಿಸಿ ಮನೆಗೆ ಹೋದರು. ಮೆಷಿನ್ನಿಗೆ ಮತ್ತೆ ಜೀವ ಬಂತು. 'ಗ' ಮತ್ತು 'ತ' ಭರ್ಜರಿಯಾಗಿ ಮೂಡಿದವು. ಆಮೇಲೆ ಟಪ್ ಎಂದು ನಿಂತೇ ಹೋಯಿತು.

ಸ್ವಿಚ್ಚು ಒತ್ತಿದ, ಅಲುಗಿಸಿದ, ಬೈದ. ಕಡೆಗೆ ಮೆಷಿನ್ನನ್ನು ಹಿತ್ತಲಿನ ನೆರಳಿಗೆ ಎಳೆದುಕೊಂಡು ಹೋಗಿ ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿದ. ನಲವತ್ತು ನಿಮಿಷ ಸಂಗೀತ ಕೇಳಿಸಿದರು.

ಇತ್ತ ಬಿಸಿಲು ತನ್ನ ಕೆಲಸ ಮಾಡುತ್ತಿತ್ತು. ಗೋಡೆ ಒಣಗಿತು. ಎಡಗಡೆ ಆಳುದ್ದದ 'ಮಾವ', ಬಲಗಡೆ ಆಳುದ್ದದ 'ಗತ', ನಡುವೆ ಹತ್ತು ಅಡಿ ಕಪ್ಪು ಮೌನ.

ಮೊದಲು ಓದಿದವಳು ಎದುರು ಮನೆಯಾಕೆ. ಮೂರು ಸಲ ಓದಿ, ಅನುಮಾನ ಪರಿಹಾರಕ್ಕೆ ಮೇಷ್ಟ್ರನ್ನು ಕರೆತಂದಳು.

"ಮೇಷ್ಟ್ರೇ, ಗತ ಅಂದ್ರೆ?"

"ಗತ ಅಂದ್ರೆ ಹೋದ, ಕಳೆದ, ತೀರಿದ. ಗತಕಾಲ, ಗತವೈಭವ, ದಿವಂಗತ." ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಬೆಳಿಗ್ಗೆ ನಾನೇ ಕೇಳ್ದೆ. 'ಮಾವ' ಅಂದ, ಮುಂದೆ ಗಂಟಲು ಕಟ್ಟಿತು ಪಾಪ. ಪೂರ್ತಿ ವಾಕ್ಯ ಬರೆಯೋಕೂ ಕೈ ಬಂದಿಲ್ಲ ನೋಡಿ. ನಡುವೆ ಬಿಟ್ಟ ಜಾಗ ಇದೆಯಲ್ಲ, ಎಷ್ಟು ಅರ್ಥಗರ್ಭಿತ!"

"ಹೆಲ್ಮೆಟ್ ಯಾಕೆ ಹಾಕ್ಕೊಂಡಿದ್ರು?"

"ಅಳೋದು ಕಾಣಬಾರದು ಅಂತ."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಬೀದಿಯಲ್ಲೂ ಇರುತ್ತಾರೆ. ಎದುರು ಮನೆಯಾಕೆ ತನ್ನ ಅಡುಗೆಮನೆಯ ಫಿಲ್ಟರಿನ ಮೇಲೆ ಅಂಟಿಸಿದ್ದ ನಂಬರು ನೋಡಿ ಷಡ್ಡಕನಿಗೆ ಸುದ್ದಿ ಮುಟ್ಟಿಸಿದಳು. ಹೂಗಿಡದಲ್ಲಿದ್ದಷ್ಟು ಹೂ ಕಿತ್ತುಕೊಂಡಳು. ಎಂಟು ಹತ್ತು ಜನ ಮುಖ ಸಣ್ಣ ಮಾಡಿಕೊಂಡು ಮನೆಯ ಪಕ್ಕದ ಓಣಿಯಲ್ಲಿ ಹಿತ್ತಲಿಗೆ ಹೊರಟರು. ಓಣಿಯ ತಿರುವಿನಲ್ಲಿ ದುಂಡಕ್ಷರನ ದನಿ ಕೇಳಿತು. ಸಹಾಯವಾಣಿಯ ಹುಡುಗಿ ಆಗಷ್ಟೇ ಸಿಕ್ಕಿದ್ದಳು.

"ಬೆಳಿಗ್ಗೆ ಚೆನ್ನಾಗೇ ಇತ್ತು ಕಣಮ್ಮ. ನೋಡ್ತಾ ನೋಡ್ತಾ ಗೊರಗೊರ ಅಂತು, ನಡುಗಿತು, ಟಪ್ ಅಂತ ನಿಂತೇ ಹೋಯ್ತು."

ಓಣಿಯಲ್ಲಿ ಎಲ್ಲರೂ ನಿಂತರು.

"ಮುಟ್ಟಿ ನೋಡ್ದೆ. ಇನ್ನೂ ಬೆಚ್ಚಗಿದೆ. ನೀರು ಕೊಡೋದು ನಾನು ನಿಲ್ಲಿಸ್ಲೇ ಇಲ್ಲಮ್ಮ, ಅದೇ ತಗೊಳ್ಳಲಿಲ್ಲ."

ಎದುರು ಮನೆಯಾಕೆ ಸೆರಗು ಬಾಯಿಗೆ ಒತ್ತಿಕೊಂಡಳು. "ಅಯ್ಯೋ, ಹೆಣ್ಣು ಕೊಟ್ಟ ಮಾವನ್ನ 'ಅದು' ಅಂತಾರಲ್ಲ!"

"ಜೀವ ಇರೋವರೆಗೆ 'ಅವರು'. ಹೋದ ಮೇಲೆ ನಪುಂಸಕಲಿಂಗ," ಎಂದರು ಮೇಷ್ಟ್ರು ಪಿಸುದನಿಯಲ್ಲಿ. "ದುಃಖದಲ್ಲೂ ವ್ಯಾಕರಣ ಬಿಟ್ಟಿಲ್ಲ. ದೊಡ್ಡ ಮನುಷ್ಯ."

"ನೆರಳಲ್ಲೇ ಇಟ್ಟಿದೀನಿ. ಮಲಗಿಸ್ಲಾ? ಏನು, ನೆಟ್ಟಗೆ ನಿಲ್ಲಿಸ್ಬೇಕಾ? ಒಳಗಿರೋ ಗಾಳಿ ಹೋಗೋವರೆಗೂ ಹಿಡ್ಕೊಂಡಿರ್ತೀನಿ. ಆದ್ರೂ ಏಳ್ಲಿಲ್ಲ ಅಂದ್ರೆ ಹಳೇದು ತಗೊಂಡು ಹೊಸದು ಕೊಡ್ತೀರಾ?"

ಕಡೆಯ ಮಾತನ್ನು ಮೇಷ್ಟ್ರಿಗೂ ಸಮರ್ಥಿಸಲು ಆಗಲಿಲ್ಲ. "ಬುದ್ಧಿಗೆ ಸ್ವಲ್ಪ ಪೆಟ್ಟು ಬಿದ್ದಿದೆ," ಎಂದರು.

ಫೋನು ಇಟ್ಟು ತಿರುಗಿದ ದುಂಡಕ್ಷರನಿಗೆ ಹಿತ್ತಲ ತುಂಬ ಜನ ಕಂಡರು. ಒಬ್ಬರು ಕೈ ಹಿಡಿದುಕೊಂಡರು, ಒಬ್ಬರು ಬೆನ್ನು ಸವರಿದರು.

"ಧೈರ್ಯ ತಂದ್ಕೊಳ್ಳಿ. ಇಂಥಾದ್ದು ಯಾರ ಕೈಲಿದೆ?"

"ನನ್ನ ಕೈಲೇ ಇತ್ತು," ಎಂದ ದುಂಡಕ್ಷರ. "ಗನ್ನು ಹಿಡ್ಕೊಂಡಿದ್ದೆ, ಹಾಗೇ ಹೋಯ್ತು."

ಗನ್ನು ಎಂಬ ಮಾತಿಗೆ ಜನ ಒಂದು ಹೆಜ್ಜೆ ಹಿಂದೆ ಸರಿದರು.

"ಬಂದು ಎಷ್ಟು ದಿನ ಆಗಿತ್ತು?"

"ಮೂರೇ ದಿನ. ಡಬ್ಬದಿಂದ ತೆಗೆದದ್ದು ನಿನ್ನೆ."

ಎದುರು ಮನೆಯಾಕೆ ಗೊಳೋ ಎಂದಳು. ದುಂ‍ಡಕ್ಷರನ ಮನಸ್ಸು ತುಂಬಿ ಬಂತು. ಆರು ವರ್ಷದಿಂದ ಈ ಬೀದಿಯಲ್ಲಿದ್ದಾನೆ. ಕಷ್ಟ ಸುಖ ಕೇಳಲು ಒಬ್ಬರೂ ಬಂದಿರಲಿಲ್ಲ. ಇಂದು ಒಂದು ಮೆಷಿನ್ ಕೆಟ್ಟದ್ದಕ್ಕೆ ಹೂ ಹಿಡಿದುಕೊಂಡು ಬಂದು ಅಳುತ್ತಿದ್ದಾರೆ. ಎಂಥ ನೆರೆಹೊರೆ!

ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ವಾರ್ಡ್ ಆಫೀಸಿನ ಗುಮಾಸ್ತ ಬಂದ. ದಾರಿಯಲ್ಲಿ ಹೋಗುತ್ತಿದ್ದವನ ಕಣ್ಣಿಗೆ ಗೋಡೆ ಬಿದ್ದಿತ್ತು.

"ಬೀದಿಗೆ ಕಾಣೋ ಬರಹಕ್ಕೆ ಪರವಾನಗಿ ಬೇಕು. ಸಾವಿನ ಸುದ್ದಿಯಾದ್ರೆ ಮೂರು ದಿನ ವಿನಾಯಿತಿ ಇದೆ. ಸತ್ತವರ ಅರ್ಜಿ ಬೇಕು."

"ಯಾರು ಸತ್ತವರು?" ಎಂದ ದುಂಡಕ್ಷರ.

ಉತ್ತರ ಗೇಟಿನ ಕಡೆಯಿಂದ ಬಂತು. ಕಾರಿನ ಬಾಗಿಲನ್ನು ಹಾಕದೆ ಓಡಿಬಂದ ಷಡ್ಡಕ ಅವನ ಕುತ್ತಿಗೆಗೆ ಬಿದ್ದ.

"ತಮ್ಮಾ! ಮಾವ ಹೋಗ್ಬಿಟ್ರಲ್ಲೋ!"

ಗೋಡೆ ಒಣಗಿದ ಮೇಲೆ ದುಂಡಕ್ಷರ ಆ ಕಡೆ ಹೋಗಿಯೇ ಇರಲಿಲ್ಲ. ಬಸ್ಸಿಗೆ ಏನೋ ಆಗಿದೆ, ಸುದ್ದಿ ಊರಿಗೆಲ್ಲ ಮುಟ್ಟಿದೆ, ಅದಕ್ಕೇ ಈ ಜನ ಅಳುತ್ತಿದ್ದಾರೆ, ತನಗೊಬ್ಬನಿಗೆ ಹೇಳಿಲ್ಲ ಎಂದುಕೊಂಡ. ಹೆಂಡತಿಗೆ ಫೋನು ಮಾಡಿದ. ಅವಳ ಫೋನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿದ ಕಡೆಯೇ ಹಾಡಿತು. ಅವನು ಹಿತ್ತಲ ಮೆಟ್ಟಿಲ ಮೇಲೆ ಕುಸಿದು ಕುಳಿತ.

ಷಡ್ಡಕ ಅಳುತ್ತಲೇ ಇದ್ದ. "ಸ್ಪ್ಯಾನರ್ ಪೆಟ್ಟಿಗೆ ಎಲ್ಲಿ ಹೋಯ್ತೋ ಏನೋ! ಮೂವತ್ತೈದು ವರ್ಷದ ಪೆಟ್ಟಿಗೆ! ಅದು ನನಗೇ ಅಂತ ಬಾಯಿಬಿಟ್ಟು ಹೇಳಿದ್ರು ಕಣೋ, ಸಾಕ್ಷಿಗೆ ಯಾರೂ ಇರ್ಲಿಲ್ಲ!"

ದುಂಡಕ್ಷರ ಹೆಲ್ಮೆಟ್ಟಿನ ಗಾಜನ್ನು ಮೇಲೆತ್ತಿ ಅಳತೊಡಗಿದ. ನಾಚಿಕೆ ಬಿಟ್ಟು ಅತ್ತ.

"ಅಣ್ಣಾ, ನಿನ್ನನ್ನಾದ್ರೂ ಅಳಿಯ ಅಂತ ಕರೆದು ಹೋದ್ರು. ನಂಗೆ ಹನ್ನೊಂದು ವರ್ಷ ಮೊಳೆ ಅಂದ್ರು. ಇವತ್ತು ಬರ್ತಾರೆ, ಒಂದ್ಸಲ ಅನ್ನಿಸ್ಕೊಳ್ಳೋಣ ಅಂತಿದ್ದೆ. ಪೆಟ್ಟಿಗೆ ನೀನೇ ಇಟ್ಕೋ. ನಂಗೆ ಇನ್ನೊಂದ್ಸಲ ಮೊಳೆ ಅಂದಿದ್ರೂ ಸಾಕಿತ್ತು!"

"ಪೆಟ್ಟಿಗೆ ಟ್ಯಾಕ್ಸೀಲಿದೆ," ಎಂದಿತು ಹಿಂದಿನಿಂದ ಒಂದು ದನಿ. "ನಾನು ಇಲ್ಲಿದೀನಿ. ಯಾರಿಗೆ ಯಾವುದು ಬೇಕೋ ತಗೊಳ್ಳಿ."

ಓಣಿಯ ಬಾಯಲ್ಲಿ ಮಾವನವರು ನಿಂತಿದ್ದರು. ಕಪ್ಪು ಕನ್ನಡಕ, ಒಂದು ಕಣ್ಣಿಗೆ ಹತ್ತಿ. ಪಕ್ಕದಲ್ಲಿ ಬ್ಯಾಗು ಹಿಡಿದ ಮಗಳು. ಅವರು ಬಂದು ನಿಂತು ಎಷ್ಟು ಹೊತ್ತಾಗಿತ್ತೋ ಯಾರಿಗೂ ತಿಳಿಯದು. ಎದುರು ಮನೆಯಾಕೆಯ ಕೈಯಿಂದ ಹೂವೆಲ್ಲ ನೆಲಕ್ಕೆ ಬಿತ್ತು. ಷಡ್ಡಕನ ಕಣ್ಣು ಅರಿವಿಲ್ಲದೆ ಟ್ಯಾಕ್ಸಿಯ ಕಡೆ ಹೋಯಿತು. ದುಂಡಕ್ಷರ ಎದ್ದು ಓಡಿ ಮಾವನವರನ್ನು ಬಿಗಿಯಾಗಿ ತಬ್ಬಿಕೊಂಡ.

"ಬಿಡೋ ಮೊಳೆ, ಒದ್ದೆ ಆಗಿದೀಯ," ಎಂದರು ಮಾವ. ಆದರೂ ಅವನು ಬಿಡುವವರೆಗೆ ಸುಮ್ಮನೆ ನಿಂತರು.

ಆಮೇಲೆ ಎಲ್ಲರೂ ಗೋಡೆಯ ಮುಂದೆ ಸೇರಿದರು. ದುಂಡಕ್ಷರ ತಾನು ಬರೆದದ್ದನ್ನು ಮೊದಲ ಸಲ ಓದಿದ. ಓದಿ, ಹೆಲ್ಮೆಟ್ಟಿನ ಗಾಜನ್ನು ಮೆಲ್ಲಗೆ ಕೆಳಗೆ ಎಳೆದುಕೊಂಡ.

"ಯಾರು ಬರೆದದ್ದು?"

"ನಾನೇ ಮಾವ. ಮಾವನವರಿಗೆ ಸುಸ್ವಾಗತ ಅಂತ."

"ನವರಿಗೆ ಸುಸ್ವಾ ಎಲ್ಲಿ?"

"ಪ್ರೆಶರ್ ಸಾಲ್ಲಿಲ್ಲ."

ಹೆಂಡತಿ ಹಣೆಗೆ ಕೈ ಹಚ್ಚಿಕೊಂಡಳು. ವಾರ್ಡ್ ಆಫೀಸಿನ ಗುಮಾಸ್ತ ಮುಂದೆ ಬಂದ. "ನೋಡಿ, ನೀವು ಬದುಕಿದ್ರೆ ವಿನಾಯಿತಿ ಸಿಗಲ್ಲ. ಬರಹಕ್ಕೆ ಪರವಾನಗಿ ತೋರಿಸ್ಬೇಕು."

"ಎಲ್ಲಿದೆ ಬರಹ? ಬಣ್ಣ ಬಳಿದಿದೀವಾ? ಇದು ಅರ್ಧ ತೊಳೆದ ಗೋಡೆ ಸ್ವಾಮಿ. ಕೊಳೆ ತೆಗೆಯೋಕೂ ನಿಮ್ಮ ಪರವಾನಗಿ ಬೇಕಾ?" ಎಂದರು ಮಾವ.

ಗುಮಾಸ್ತ ನಿಯಮಾವಳಿಯಲ್ಲಿ ಕೊಳೆಯ ಬಗ್ಗೆ ಏನಿದೆ ಎಂದು ನೋಡಿಕೊಂಡು ಬರುವುದಾಗಿ ಹೇಳಿ ಹೋದ. ಇವತ್ತಿಗೂ ನೋಡುತ್ತಿದ್ದಾನೆ.

ಮಾವನವರು ಜನರನ್ನು ಬಿಟ್ಟು ಪೈಪಿನ ಹಿಂದೆ ಹೋದರು. ಹಿತ್ತಲ ನಲ್ಲಿಯಿಂದ ಶುರುಮಾಡಿ ಅಡಿ ಅಡಿಯಾಗಿ ಕೈಯಾಡಿಸುತ್ತ ಬಂದರು. ಬೀದಿಗೆ ಬೀದಿಯೇ ಅವರ ಹಿಂದೆ ನಡೆಯಿತು. ಗೇಟಿನ ಹೊರಗಿನ ಸಿಂಬೆಯ ಹತ್ತಿರ ಕೈ ನಿಂತಿತು.

"ನೀರು ಬರ್ಲಿಲ್ಲ ಅಂದ್ರೆ ತಪ್ಪು ನೀರಿಂದಲ್ಲ. ದಾರೀಲಿ ಯಾರೋ ನಿಂತಿರ್ತಾರೆ," ಎಂದು ಸಿಂಬೆಯನ್ನು ಎತ್ತಿ ಹಿಡಿದರು. ಮೇಲಿನ ಸುತ್ತು ಚಪ್ಪಟೆಯಾಗಿತ್ತು. ಅದರ ಮೇಲೆ ಕೆಸರಿನಲ್ಲಿ ಶೂ ತಳದ ಗುರುತು ಸಾಲು ಸಾಲಾಗಿ ಕೂತಿತ್ತು. "ಮೆಷಿನ್ ನೀರಿಲ್ಲದೆ ಓಡಿ ಬಿಸಿಯಾಗಿ ನಿಂತಿದೆ, ಅಷ್ಟೆ. ಯಾರೋ ಇದರ ಮೇಲೆ ಐದು ನಿಮಿಷ ನಿಂತಿದಾರೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮೇಷ್ಟ್ರು ಕಾಲೆತ್ತಿ ತಮ್ಮ ಶೂ ತಳ ನೋಡಿಕೊಂಡರು. ನೋಡಿಕೊಂಡದ್ದನ್ನು ಎಲ್ಲರೂ ನೋಡಿದರು.

"ನಿಂತದ್ದು ನಿಜ," ಎಂದರು ಮೇಷ್ಟ್ರು, ಗಂಟಲು ಸರಿಮಾಡಿಕೊಂಡು. "ಆದ್ರೆ ಸುಸ್ವಾಗತ ಅನ್ನೋದೇ ತಪ್ಪು ಪ್ರಯೋಗ. ಸು ಮತ್ತು ಆಗತ ಸೇರಿ ಸ್ವಾಗತ. ಅದರಲ್ಲೇ ಒಂದು ಸು ಇದೆ. ಮೇಲೊಂದು ಸು ದಂಡ. ಆ ಹೆಚ್ಚುವರಿ ಸು ನನ್ನಿಂದ ಹೋಗಿದ್ರೆ ಭಾಷೆಗೆ ಲಾಭವೇ."

"ಅದರ ಜೊತೆ ನನ್ನನ್ನೂ ತೆಗೆದ್ರಲ್ಲ ಮೇಷ್ಟ್ರೇ," ಎಂದರು ಮಾವ.

ಜನ ನಕ್ಕರು. ಮಾವನವರು ಮೆಷಿನ್ ತರಿಸಿದರು. ನೀರು ಒಳಹೋಗುವ ಬಾಯಿಯ ಜಾಲರಿ ತೆಗೆದು ಮರಳು ಕೊಡವಿದರು. ಸ್ವಿಚ್ಚು ಹಾಕದೆ ಬರೀ ನಲ್ಲಿ ಬಿಟ್ಟು, ಗನ್ನು ಒತ್ತಿ ಹಿಡಿದು, ಒಳಗಿನ ಗಾಳಿ ಉಗುಳಿ ನೀರು ಒಂದೇ ಸಮ ಬರುವವರೆಗೆ ಕಾದರು. ಆಮೇಲೆ ಸ್ವಿಚ್ಚು ಹಾಕಿದರು. ಮೆಷಿನ್ ಗುರ್ ಎಂದಿತು. ದುಂಡಕ್ಷರ ಕೈ ಚಾಚಿದ. ಅವರು ಗನ್ನು ಕೊಡಲಿಲ್ಲ. ಗೋಡೆಯ ಹತ್ತಿರ ಹೋಗಿ, ಒಂದು ಕಣ್ಣಿನಲ್ಲಿ ಗುರಿ ನೋಡಿ, ನಡುವೆ ಉಳಿದಿದ್ದ ಕಪ್ಪು ಜಾಗದಲ್ಲಿ ತಾವೇ ಏನೋ ಬರೆದರು. ಪೈಪಿನ ಮನುಷ್ಯ, ಕೈ ಅಕ್ಷರಕ್ಕೆ ಪಳಗಿದ್ದಲ್ಲ. ನೀರು ಕೆಳಗಿಳಿಯಿತು. ಗೋಡೆ ಎಲ್ಲ ಒಂದೇ ಕಪ್ಪು.

"ಏನು ಬರೆದ್ರಿ ಅಪ್ಪಾ?"

"ಒಣಗ್ಲಿ."

ಬೀದಿಯವರು ಮನೆಗೆ ಹೋಗಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಬಂದವರೂ ಹೋಗಲಿಲ್ಲ. ಬಿಸಿಲು ನೆತ್ತಿಗೆ ಬಂದು ಗೋಡೆ ಒಣಗಿ ಅಕ್ಷರ ಎಡದಿಂದ ಬಲಕ್ಕೆ ಬೆಳ್ಳಗಾಗುತ್ತ ಬಂತು. ಮೇಷ್ಟ್ರು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು. "ತ... ಪ್ಪು... ತಪ್ಪು. ಅ... ಳಿ... ಯ... ಅಳಿಯನದು. ತಪ್ಪು ಅಳಿಯನದು."

ಷಡ್ಡಕನ ಮುಖ ಬಾಡಿತು. "ನಾನೇನು ತಪ್ಪು ಮಾಡ್ದೆ ಮಾವ? ಪೆಟ್ಟಿಗೆ ವಿಚಾರ ದುಃಖದಲ್ಲಿ ಅಂದದ್ದು."

"ನಿಂದು ಅಂತ ಯಾರಂದ್ರು?"

"ಅಳಿಯ ಅಂದ್ರೆ ನಾನೇ ಅಲ್ವಾ?"

"ನಂಗಿಬ್ರು," ಎಂದರು ಮಾವ, ಗನ್ನನ್ನು ಒರೆಸುತ್ತ. "ಇದು ಇವನದು."

"ನಂದೇ!" ಎಂದು ದುಂಡಕ್ಷರ ಹೆಲ್ಮೆಟ್ಟು ಕಿತ್ತೆಸೆದು ಎರಡೂ ಕೈ ಎತ್ತಿದ. "ತಪ್ಪು ನಂದೇ! ಎಲ್ಲರೂ ಕೇಳ್ಕೊಳ್ಳಿ, ಪೂರ್ತಿ ತಪ್ಪು ನಂದೊಬ್ಬಂದೇ! ಅಣ್ಣನಿಗೆ ಇದರಲ್ಲಿ ಏನೂ ಪಾಲಿಲ್ಲ!"

"ರೀ, ತಪ್ಪು ಅಂತ ಬರೆದಿದಾರೆ," ಎಂದು ಹೆಂಡತಿ ಅಂಗಿ ಜಗ್ಗಿದಳು.

"ಅದನ್ನ ಬಿಡೇ. ಮುಂದಿನ ಪದ ಓದು!"

ಮಾವನವರು ಒಳಗೆ ಹೋಗುತ್ತ ತಿರುಗಿ ನೋಡದೆ ಹೇಳಿದರು: "ನಾಳೆಯಿಂದ ಇಡೀ ಗೋಡೆ ತೊಳಿ ಮೊಳೆ. ಒಂದು ಅಕ್ಷರ ಉಳೀಬಾರ್ದು."

ದುಂಡಕ್ಷರ ಒಂದು ವಾರ ಬೆಳಿಗ್ಗೆ ಬೇಗ ಎದ್ದು ತೊಳೆದ. ನಲ್ಲಿ ಪೂರ್ತಿ ಬಿಡುವುದು, ಗಾಳಿ ತೆಗೆಯುವುದು, ಜಾಲರಿ ಕೊಡವುವುದು ಎಲ್ಲ ಕಲಿತ. 'ಮಾವ' ಹೋಯಿತು, 'ಗತ' ಹೋಯಿತು, 'ತಪ್ಪು' ಹೋಯಿತು. ಗೋಡೆ ಹಾಲಿನ ಹಾಗೆ ಬೆಳ್ಳಗಾಯಿತು. ನಡುವೆ ಬಾಗಿಲಗಲದ ಒಂದು ಕಪ್ಪು ಚೌಕ ಮಾತ್ರ ಹಾಗೇ ಉಳಿಯಿತು. ಆ ಚೌಕದೊಳಗೆ ಸೊಟ್ಟ ಸೊಟ್ಟ ಅಕ್ಷರದಲ್ಲಿ 'ಅಳಿಯನದು' ಎಂದಿತ್ತು. ದಾರಿಹೋಕರು ಮನೆಯೇ ಅಳಿಯನದು ಎಂದುಕೊಂಡು ಹೋಗುತ್ತಿದ್ದರು.

ಕಣ್ಣಿನ ಹತ್ತಿ ತೆಗೆದ ದಿನ ಮಾವನವರು ಗೇಟಿನ ಹೊರಗೆ ಕುರ್ಚಿ ಹಾಕಿಸಿಕೊಂಡು ಕುಳಿತರು. ಎರಡೂ ಕಣ್ಣಿನಲ್ಲಿ ಗೋಡೆಯನ್ನು ಆ ತುದಿಯಿಂದ ಈ ತುದಿಗೆ ನೋಡಿದರು.

"ಅಲ್ಲಿ ಇನ್ನೂ ಕಪ್ಪಿದೆಯಲ್ಲೋ, ಮೊಳೆ?"

ದುಂಡಕ್ಷರ ನೆಲ ನೋಡಿದ. "ಅಲ್ಲಿಗೆ ಪ್ರೆಶರ್ ಸಾಲ್ತಿಲ್ಲ ಮಾವ."

ಮೂವತ್ತೈದು ವರ್ಷ ಊರಿಗೆ ನೀರು ಹಂಚಿದ ಫೋರ್‌ಮನ್ ಗುರ್ ಎನ್ನುತ್ತಿದ್ದ ಮೆಷಿನ್ನನ್ನು ನೋಡಿದರು. ಆ ಚೌಕದ ಎಡಕ್ಕೂ ಬಲಕ್ಕೂ ಬೆಳ್ಳಗಿದ್ದ ಗೋಡೆಯನ್ನು ನೋಡಿದರು. ತಮ್ಮ ಕಾಲಬುಡದಲ್ಲಿ ಸಿಂಬೆ ಸುತ್ತಿ ಬಿದ್ದಿದ್ದ ಹೆಚ್ಚುವರಿ ಪೈಪನ್ನು ಸದ್ದಿಲ್ಲದೆ ಕುರ್ಚಿಯ ಕೆಳಗೆ ತಳ್ಳಿದರು.

"ಹೂಂ," ಎಂದರು. "ಪೈಪು ಮೂರಡಿ ಗಿಡ್ಡ ಆಗಿದೆ ಕಣೋ."